ಶಿಡ್ಲಘಟ್ಟದಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹಿಡಿಯುವ ಹೊತ್ತು ಬೇರೆ ಬೇರೆ

ಪ್ರಶ್ನೆ: ನಾನು ಶಿಡ್ಲಘಟ್ಟದವನು, ರೇಷ್ಮೆ ನೂಲು ಬಿಚ್ಚುವ ಕಸುಬು. ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಡಬೇಕು, ಏಪ್ರಿಲ್‌ನಲ್ಲಿ ವಾಪಸ್. ಎಷ್ಟು ದೂರ ಅಂತ ಕೇಳಿದರೆ ಮಗಳು 14,000 ಅಂತಾಳೆ, ಅಳಿಯ 8,700 ಅಂತಾರೆ, ಮೊಬೈಲಿನಲ್ಲಿ ಹುಡುಕಿದರೆ 7,560 ಅಂತ ಬರುತ್ತೆ. ಗೋಡೆಯ ಭೂಪಟದ ಮೇಲೆ ನೂಲು ಹಿಡಿದು ನಾನೇ ಅಳೆದೆ, 22,000 ಕಿ.ಮೀ. ಬಂತು. ಯಾವುದು ನಿಜ? ನಮ್ಮ ಬೀದಿಯವರೊಬ್ಬರು ಹಿಂದೆ ಇದೇ ತಿಂಗಳುಗಳಲ್ಲಿ ಹೋಗಿಬಂದ ಟಿಕೆಟ್ ತೋರಿಸಿದರು. ಬೆಂಗಳೂರು ಬಿಟ್ಟದ್ದು ಮಧ್ಯಾಹ್ನ 2ಕ್ಕೆ, ಅಲ್ಲಿ ಇಳಿದದ್ದು ಅದೇ ದಿನ ಸಂಜೆ 4.30ಕ್ಕೆ. ಬರುವಾಗ ಏಪ್ರಿಲ್ 10ರ ರಾತ್ರಿ 9ಕ್ಕೆ ಹೊರಟು 12ರ ಬೆಳಗಿನ ಜಾವ 3ಕ್ಕೆ ಇಳಿದಿದ್ದಾರೆ. ಹೋಗುವಾಗ ಎರಡೂವರೆ ಗಂಟೆ, ಬರುವಾಗ ಎರಡು ದಿನವೇ? ನಾವು ನಿಜವಾಗಿ ಎಷ್ಟು ಹೊತ್ತು ಕೂರಬೇಕು? ಮಗಳು ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ, ಟೋಕಿಯೊ ಅಂತ ನಾಲ್ಕು ದಾರಿ ಕಳಿಸಿದ್ದಾಳೆ. ಯಾವುದು ಹತ್ತಿರ? ಹೆಂಡತಿಗೆ ಸಕ್ಕರೆ ಕಾಯಿಲೆ ಇದೆ.

ಉತ್ತರ: ಮೊದಲು ಮನೆಯೊಳಗಿನ ಲೆಕ್ಕ ಬಗೆಹರಿಸೋಣ. ನಿಮ್ಮ ಮಗಳು, ಅಳಿಯ, ಮೊಬೈಲು ಮೂವರೂ ಹೇಳುತ್ತಿರುವುದು ಒಂದೇ ದೂರ. ಮಗಳದು ಕಿಲೋಮೀಟರ್. ಅಮೆರಿಕದಲ್ಲಿ ರಸ್ತೆಗೂ ಆಕಾಶಕ್ಕೂ ಜನ ಮೈಲಿಯಲ್ಲೇ ಮಾತಾಡುವುದರಿಂದ ಅಳಿಯಂದಿರದು ಮೈಲಿ. ಮೊಬೈಲು ತೋರಿಸಿದ್ದು ನಾಟಿಕಲ್ ಮೈಲಿ, ಹಡಗಿನವರೂ ವಿಮಾನದವರೂ ಬಳಸುವ ಅಳತೆ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. 7,560ನ್ನು ಅದರಿಂದ ಗುಣಿಸಿ ನೋಡಿ, ಮಗಳ 14,000ಕ್ಕೇ ಬಂದು ನಿಲ್ಲುತ್ತದೆ.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಉತ್ತರ 37.6, ಪಶ್ಚಿಮ 122.4ರಲ್ಲಿ. ಇವೆರಡರ ನಡುವೆ ಭೂಮಿಯ ಮೈ ಮೇಲೆ ಇರುವ ಅತಿ ಕಡಿಮೆ ದೂರ 14,000 ಕಿ.ಮೀ.ಗೆ ಹತ್ತು ಹದಿನೈದು ಕಿ.ಮೀ. ಆಚೀಚೆ. ನಿಮ್ಮ ಕಸುಬಿನ ಅಳತೆಯಲ್ಲೇ ಹೇಳುವುದಾದರೆ, ಒಳ್ಳೆಯ ದ್ವಿತಳಿ ರೇಷ್ಮೆಗೂಡಿನ ಎಳೆ ಬಿಚ್ಚಿದರೆ ಒಂದು ಕಿಲೋಮೀಟರಿನಷ್ಟು ಬರುತ್ತದೆ. ಹದಿನಾಲ್ಕು ಸಾವಿರ ಗೂಡಿನ ಎಳೆಗಳನ್ನು ತುದಿಗೆ ತುದಿ ಸೇರಿಸಿದರೆ ನಿಮ್ಮ ಮಗಳ ಊರು ಮುಟ್ಟುತ್ತದೆ. ತೂಕದಲ್ಲಿ ಅದು ಇಪ್ಪತ್ತೈದು ಕೆ.ಜಿ. ಗೂಡು. ಅಷ್ಟು ಗೂಡನ್ನು ನೀವು ಒಂದೇ ಬೆಳಿಗ್ಗೆ ಮಾರುಕಟ್ಟೆಯಿಂದ ತಂದಿರುತ್ತೀರಿ.

ಹಾಗಾದರೆ ನಿಮ್ಮ ನೂಲಿನ 22,000 ಎಲ್ಲಿಂದ ಬಂತು? ಅಳತೆ ತಪ್ಪಿಲ್ಲ, ಅಳೆದ ಹಾಳೆ ಮೋಸ ಮಾಡಿತು. ಉಂಡೆಯಂಥ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಬೇಕಾದರೆ ಎಲ್ಲೋ ಒಂದು ಕಡೆ ಹಿಗ್ಗಿಸಲೇಬೇಕು. ಗೋಡೆಯ ಭೂಪಟಗಳಲ್ಲಿ ಹಿಗ್ಗುವುದು ಉತ್ತರ ಮತ್ತು ದಕ್ಷಿಣದ ತುದಿಗಳು. ಕೆಳಗೆ ಬರೆದಿರುವ ಅಳತೆಪಟ್ಟಿ ನಂಬುವಂತಿರುವುದು ಸಮಭಾಜಕದ ಹತ್ತಿರ ಮಾತ್ರ. ಅದರ ಮೇಲೆ ನಮ್ಮಲ್ಲಿ ಸಿಗುವ ಭೂಪಟಗಳಲ್ಲಿ ಅಮೆರಿಕ ಎಡಗಡೆ, ಭಾರತ ಬಲಗಡೆ. ಆದ್ದರಿಂದ ನಿಮ್ಮ ನೂಲು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿಕೊಂಡು ಪಶ್ಚಿಮಕ್ಕೆ ಹೋಗಿರುತ್ತದೆ. ಆ ಗೆರೆಯ ಮೇಲೆಯೇ ವಿಮಾನ ಹಾರಿದರೆ ನಿಜವಾಗಿ ಹಾರಬೇಕಾದ್ದು 20,000 ಕಿ.ಮೀ. ಭೂಪಟವನ್ನು ಕತ್ತರಿಸಿ, ಪೆಸಿಫಿಕ್ ಸಾಗರ ನಡುವೆ ಬರುವಂತೆ ಅಂಟಿಸಿ ಪೂರ್ವದ ಕಡೆಗೆ ನೇರ ಗೆರೆ ಎಳೆದರೆ 16,100. ಎರಡೂ ದಂಡವೇ.

ಹತ್ತಿರದ ಶಾಲೆಯಲ್ಲಿ ಗ್ಲೋಬ್ ಇದ್ದರೆ ಅರ್ಧ ಗಂಟೆ ಕೇಳಿ ತನ್ನಿ. ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ನೂಲು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಮೇಲಕ್ಕೆ, ಉತ್ತರಕ್ಕೆ ಜಾರುತ್ತದೆ. ಆಂಧ್ರ, ತೆಲಂಗಾಣ, ಛತ್ತೀಸ್‌ಗಢ ಕಡೆಯಿಂದ ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯ ಹತ್ತಿ, ಉತ್ತರ ಅಕ್ಷಾಂಶ 71ರವರೆಗೆ ಏರಿ, ಆರ್ಕ್ಟಿಕ್ ಸಾಗರದ ಅಂಚು ಸವರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಇದಕ್ಕೆ ಮಹಾವೃತ್ತದ ದಾರಿ ಎನ್ನುತ್ತಾರೆ. 30 ಸೆಂ.ಮೀ. ಅಗಲದ ಗ್ಲೋಬ್ ಆದರೆ ಆ ನೂಲಿನ ಉದ್ದ 33 ಸೆಂ.ಮೀ. ಬರಬೇಕು, ಅಳೆದು ನೋಡಿ. ನಾನು ಫ್ಲೈಟ್ ಡಿಸ್ಪ್ಯಾಚರ್ ಆಗಿ, ಅಂದರೆ ವಿಮಾನ ಯಾವ ದಾರಿಯಲ್ಲಿ, ಎಷ್ಟು ಇಂಧನ ಹೊತ್ತು ಹೋಗಬೇಕೆಂದು ನೆಲದ ಮೇಲೆ ಕೂತು ಲೆಕ್ಕ ಹಾಕುವವನಾಗಿ, ಮೂವತ್ತು ವರ್ಷ ಕೆಲಸ ಮಾಡಿದೆ. ಕೆಲಸ ಕಲಿಸಿದವರು ಮೊದಲ ದಿನ ನನ್ನ ಕೈಗೆ ಕೊಟ್ಟದ್ದೂ ಒಂದು ಗ್ಲೋಬ್ ಮತ್ತು ಒಂದು ದಾರ. ಇವತ್ತಿಗೂ ಯಾರಾದರೂ ವಿಮಾನದ ದೂರ ಕೇಳಿದರೆ ನನ್ನ ಕೈ ದಾರ ಹುಡುಕುತ್ತದೆ.

ಆದರೆ ಆ ನೂಲಿನ ಮೇಲೆಯೇ ವಿಮಾನ ಹಾರುತ್ತದೆ ಎಂದುಕೊಳ್ಳಬೇಡಿ. ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೋ ಕಾರಣಕ್ಕೆ ಇಳಿದುಹೋದರೆ ಮೇಲಿಂದ ಆಮ್ಲಜನಕದ ಮುಖವಾಡ ಕೆಳಗೆ ಬೀಳುತ್ತದೆ. ಸಾಮಾನ್ಯವಾಗಿ ಅದರ ಆಮ್ಲಜನಕ ಸಾಲುವುದು ಕಾಲು ಗಂಟೆಯ ಆಸುಪಾಸು. ಅಷ್ಟರಲ್ಲಿ ಪೈಲಟ್ ಮೂರು ಸಾವಿರ ಮೀಟರ್ ಎತ್ತರಕ್ಕೆ, ಉಸಿರಾಡಲು ಆಗುವಷ್ಟು ಗಾಳಿ ಇರುವ ಕಡೆಗೆ ಇಳಿಯಬೇಕು. ಟಿಬೆಟ್ಟಿನಲ್ಲಿ ನೆಲವೇ ಸುಮಾರು ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿ? ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡೇ ಹೋಗುತ್ತವೆ.

ಎರಡನೆಯ ಅಡ್ಡಿ ದೇಶಗಳ ಜಗಳ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಭಾರತದ ಕಂಪನಿಗಳಿಗೆ ಆ ತಡೆ ಬರಲಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಅದರ ಪೆಟ್ಟು ದೊಡ್ಡದು, ಬೆಂಗಳೂರಿನಿಂದ ಹೊರಟವರಿಗೆ ಅಷ್ಟಿಲ್ಲ. ಅದೇ ಎರಡು ಊರು, ಅದೇ 14,000 ಕಿ.ಮೀ. ಆದರೂ ವಿಮಾನದ ಬಾಲದ ಮೇಲೆ ಯಾವ ದೇಶದ ನೋಂದಣಿ ಇದೆ ಎಂಬುದರ ಮೇಲೆ ದಾರಿ ಬದಲಾಗುತ್ತದೆ.

ಮೂರನೆಯದು ಗಾಳಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಹೊತ್ತು ಹೆಚ್ಚು ಕಡಿಮೆ ಆಗುವುದು ಹೆಚ್ಚಾಗಿ ಇದರಿಂದಲೇ.

ಆಷಾಢದಲ್ಲಿ ಸೈಕಲ್ ಮೇಲೆ ಗೂಡಿನ ಚೀಲ ಕಟ್ಟಿಕೊಂಡು ಶಿಡ್ಲಘಟ್ಟದಿಂದ ದೇವನಹಳ್ಳಿ ಹತ್ತಿರದ ವಿಜಯಪುರಕ್ಕೆ ತುಳಿದವರು ನಿಮ್ಮ ಪೈಕಿ ಇರುತ್ತಾರೆ. ಪಶ್ಚಿಮದಿಂದ ಬೀಸುವ ಗಾಳಿ ಎದೆಗೆ ಹೊಡೆಯುತ್ತದೆ, ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ರಸ್ತೆಯ ಮೈಲಿಗಲ್ಲು ಬದಲಾಗಿರುವುದಿಲ್ಲ, ಕಾಲಿನ ನೋವು ಬದಲಾಗಿರುತ್ತದೆ. ಆಕಾಶದಲ್ಲೂ ಹೀಗೆಯೇ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಮೇಲೆ, ಗಂಟೆಗೆ 200, 300 ಕಿ.ಮೀ. ವೇಗ ಅದಕ್ಕೆ ಅಪರೂಪವಲ್ಲ. 1920ರ ದಶಕದಲ್ಲಿ ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಒಯಿಶಿ ಬಲೂನು ಬಿಟ್ಟು, ಅದು ತೇಲಿಹೋಗುವುದನ್ನು ದುರ್ಬೀನಿನಲ್ಲಿ ಹಿಂಬಾಲಿಸಿ ಈ ಗಾಳಿಯನ್ನು ಅಳೆದರು. ಅವರು ಬರೆದಿಟ್ಟದ್ದನ್ನು ಹೊರಜಗತ್ತು ಬಹಳ ಕಾಲ ಗಮನಿಸಲೇ ಇಲ್ಲ ಎಂಬುದು ನನಗೆ ಈಗಲೂ ಬೇಸರದ ವಿಷಯ.

ಲೆಕ್ಕ ನೋಡಿ. ದೊಡ್ಡ ವಿಮಾನ ಗಾಳಿಯೊಳಗೆ ಗಂಟೆಗೆ 900 ಕಿ.ಮೀ. ಹೋಗುತ್ತದೆ ಎಂದಿಟ್ಟುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ 14,000ಕ್ಕೆ ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಹದಿನಾಲ್ಕೂವರೆ, ಅಷ್ಟೇ ಗಾಳಿ ಎದುರಿಗಿದ್ದರೆ ಹದಿನಾರು ಗಂಟೆ ನಲವತ್ತು ನಿಮಿಷ. ಇದರ ಮೇಲೆ ನೆಲದಲ್ಲಿ ಉರುಳುವ ಹೊತ್ತು, ಮೇಲೇರಿ ಕೆಳಗಿಳಿಯುವ ಹೊತ್ತು, ದಾರಿ ಬಳಸುವ ಹೊತ್ತು ಸೇರುತ್ತವೆ. ಆದ್ದರಿಂದ ಡಿಸ್ಪ್ಯಾಚರ್ ನೋಡುವುದು ಕಡಿಮೆ ಕಿಲೋಮೀಟರಿನ ದಾರಿಯನ್ನಲ್ಲ, ಕಡಿಮೆ ಹೊತ್ತು ಕಡಿಮೆ ಇಂಧನ ಹಿಡಿಯುವ ದಾರಿಯನ್ನು. ಪೂರ್ವಕ್ಕೆ ಹೋಗುವಾಗ ಐದುನೂರು ಕಿ.ಮೀ. ಹೆಚ್ಚಾದರೂ ಜಪಾನಿನ ಗಾಳಿಯ ಬೆನ್ನೇರಿದರೆ ಬೇಗ ತಲುಪುವ ದಿನಗಳಿವೆ. ಬರುವಾಗ ಅದೇ ಗಾಳಿಯ ಕೈಗೆ ಸಿಗಬಾರದೆಂದು ಇನ್ನೂ ಉತ್ತರಕ್ಕೆ ಸರಿಯಬೇಕಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಮೂವರು ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರು. ಹೊರಟದ್ದು ಅಲ್ಲಿನ 9ರ ರಾತ್ರಿ, ದೇವನಹಳ್ಳಿಯಲ್ಲಿ ಇಳಿದದ್ದು 11ರ ಬೆಳಗಿನ ಜಾವ, ಆಕಾಶದಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ. ಆ ದಿನ ನಾನು ನಿದ್ದೆ ಮಾಡಲಿಲ್ಲ. ನಂದಿಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವನ ಕಣ್ಣಮುಂದೆ, ಧ್ರುವ ದಾಟಿದ ವಿಮಾನವೊಂದು ಅದೇ ಬೆಟ್ಟದ ಪಕ್ಕದಲ್ಲಿ ಬಂದು ಇಳಿಯುವುದು ಸಣ್ಣ ಮಾತಲ್ಲ.

ಈಗ ನಿಮ್ಮ ಎರಡೂವರೆ ಗಂಟೆಯ ಒಗಟು. ಜನವರಿಯಲ್ಲಿ ನಮ್ಮ ಗಡಿಯಾರ ಅಲ್ಲಿನದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಮಧ್ಯಾಹ್ನ 2ಕ್ಕೆ ಹೊರಟು ಸಂಜೆ 4.30ಕ್ಕೆ ಇಳಿದರು ಎಂದರೆ, ಇಳಿಯುವ ಹೊತ್ತಿಗೆ ಶಿಡ್ಲಘಟ್ಟದಲ್ಲಿ ಮಾರನೆಯ ದಿನ ಬೆಳಿಗ್ಗೆ 6. ಎರಡರಿಂದ ಆರಕ್ಕೆ ಹದಿನಾರು ಗಂಟೆ. ಅವರು ಕೂತದ್ದು ಅಷ್ಟು.

ವಾಪಸಿನ ಲೆಕ್ಕದಲ್ಲಿ ತುಂಬಾ ಜನ ಎಡವುವ ಒಂದು ಗುಂಡಿ ಇದೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ನಾವು ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡವರು. ಹಾಗಾಗಿ ಏಪ್ರಿಲ್‌ನಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ. ಅಲ್ಲಿ 10ರ ರಾತ್ರಿ 9 ಎಂದರೆ ಇಲ್ಲಿ 11ರ ಬೆಳಿಗ್ಗೆ 9.30. ಅಲ್ಲಿಂದ 12ರ ಬೆಳಗಿನ ಜಾವ 3ರವರೆಗೆ ಹದಿನೇಳೂವರೆ ಗಂಟೆ. ಜನವರಿಯ ವ್ಯತ್ಯಾಸವನ್ನೇ ಹಾಕಿದ್ದರೆ ಹದಿನಾರೂವರೆ ಬರುತ್ತಿತ್ತು, ನಿಮ್ಮನ್ನು ಕರೆದೊಯ್ಯಲು ಬರುವವರ ಲೆಕ್ಕವೂ ಒಂದು ಗಂಟೆ ತಪ್ಪುತ್ತಿತ್ತು. ಎರಡು ತಾರೀಕು ದಾಟಿದ್ದು ನಿಜ, ಎರಡು ದಿನ ಹಿಡಿದದ್ದಲ್ಲ. ಟಿಕೆಟ್ಟಿನ ಮೇಲಿನ ಹೊರಡುವ, ಇಳಿಯುವ ಸಮಯಗಳೆಲ್ಲ ಆಯಾ ಊರಿನ ಗಡಿಯಾರದವು. ಟಿಕೆಟ್ ಕೈಗೆ ಬಂದ ಕೂಡಲೇ ಪ್ರತಿ ಸಮಯದ ಪಕ್ಕದಲ್ಲೂ ಶಿಡ್ಲಘಟ್ಟದ ಸಮಯ ಬರೆದಿಟ್ಟುಕೊಳ್ಳಿ. ಮನೆಯಾಕೆಯ ಮಾತ್ರೆಗೂ ಅದೇ ಬೇಕಾಗುತ್ತದೆ.

ಇನ್ನು ಮಗಳು ಕಳಿಸಿದ ನಾಲ್ಕು ದಾರಿ. ನಿಲ್ದಾಣದಿಂದ ನಿಲ್ದಾಣಕ್ಕೆ ಮಹಾವೃತ್ತದಲ್ಲಿ ಕೂಡಿದರೆ ಟೋಕಿಯೊ ಮೇಲೆ 14,900 ಕಿ.ಮೀ., ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,550, ಸಿಂಗಪುರ ಮೇಲೆ 16,800ರ ಹತ್ತಿರ. ದುಬೈಗೆ ಹೋಗುವುದು ಮೂಗು ತಿರುಗಿಸಿಕೊಂಡು ಹಿಂದಕ್ಕೆ ನಡೆದಂತೆ ಕಾಣುತ್ತದೆ, ಆದರೂ ಅದು ಸಿಂಗಪುರಕ್ಕಿಂತ ಸಾವಿರ ಕಿ.ಮೀ. ಹತ್ತಿರ, ಗ್ಲೋಬಿನ ಮೇಲೆ ನೂಲು ಹಿಡಿದರೆ ಯಾಕೆಂದು ತಾನಾಗಿ ಕಾಣುತ್ತದೆ. ಟೋಕಿಯೊ ಅಂತೂ ಹೆಚ್ಚು ಕಡಿಮೆ ದಾರಿಯಲ್ಲೇ ಇದೆ, ಹೋಗುವಾಗ ಜೆಟ್ ಸ್ಟ್ರೀಮ್ ಬೆನ್ನಿಗೂ ಇರುತ್ತದೆ. ಆದರೆ ಆ ಊರಿಗೆ ನರಿತಾ, ಹನೆಡಾ ಎಂದು ಎರಡು ನಿಲ್ದಾಣಗಳಿದ್ದು, ನಡುವೆ ಅರವತ್ತು ಕಿ.ಮೀ.ಗೂ ಹೆಚ್ಚು ದೂರವಿದೆ. ಎರಡೂ ವಿಮಾನ ಒಂದೇ ನಿಲ್ದಾಣದ್ದೇ ಎಂದು ನೋಡದೆ ದುಡ್ಡು ಕಟ್ಟಬೇಡಿ.

ಆದರೂ ಈ ನಾಲ್ಕರಲ್ಲಿ ಕಿಲೋಮೀಟರ್ ನೋಡಿ ಆರಿಸಬೇಡಿ ಎಂದೇ ನನ್ನ ಸಲಹೆ. ಎರಡು ಸಾವಿರ ಕಿ.ಮೀ. ವ್ಯತ್ಯಾಸ ಎಂದರೆ ಆಕಾಶದಲ್ಲಿ ಎರಡು ಗಂಟೆಗಿಂತ ತುಸು ಹೆಚ್ಚು. ನಡುವಿನ ನಿಲ್ದಾಣದಲ್ಲಿ ಆಗುವ ಎಡವಟ್ಟು ಇಪ್ಪತ್ತು ಗಂಟೆ ನುಂಗಬಹುದು. ಇದನ್ನು ನಾನು ಹೇಳುವುದು ಪುಸ್ತಕ ಓದಿ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ, ಭಾವ ಮೊಮ್ಮಗುವನ್ನು ನೋಡಲು ಹೊರಟಾಗ ಟಿಕೆಟ್ ಆರಿಸಿಕೊಟ್ಟವನು ನಾನೇ. ಒಟ್ಟು ಹೊತ್ತು ಎಲ್ಲಕ್ಕಿಂತ ಕಡಿಮೆ ಇದ್ದದ್ದನ್ನು ಹಿಡಿದೆ. ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಲು ಎಪ್ಪತ್ತೈದು ನಿಮಿಷ. ನನ್ನ ಕಾಗದದ ಮೇಲೆ ಅದು ಸಾಕಾಗಿತ್ತು. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು, ಭಾವನ ಮಂಡಿನೋವಿಗೆ ಆ ಉದ್ದುದ್ದ ಓಣಿಗಳು ಮುಗಿಯಲಿಲ್ಲ, ಎರಡನೆಯ ವಿಮಾನ ಅವರ ಕಣ್ಣೆದುರಿಗೇ ಬಾಗಿಲು ಹಾಕಿಕೊಂಡಿತು. ಭಾಷೆ ಬರದ ಊರಿನಲ್ಲಿ ಹದಿನಾಲ್ಕು ಗಂಟೆ ಬೆಂಚಿನ ಮೇಲೆ ಕೂತರು. ಅಕ್ಕ ಈವರೆಗೆ ನನಗೆ ಒಂದು ಮಾತೂ ಅಂದಿಲ್ಲ. ಆದರೆ ಅವತ್ತಿನಿಂದ ಐವತ್ತು ದಾಟಿದ ಯಾರಿಗೂ ನಾನು ಎರಡೂವರೆ ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಹೇಳಿಲ್ಲ. ಮೂರರಿಂದ ನಾಲ್ಕು ಗಂಟೆ ಇದ್ದರೆ ಒಳ್ಳೆಯದು. ಕಾಲು ಚಾಚಿ, ಮುಖ ತೊಳೆದು, ಕಟ್ಟಿಕೊಂಡು ಹೋದ ಚಪಾತಿ ತಿನ್ನಲು ಹೊತ್ತು ಸಿಗುತ್ತದೆ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾದದ್ದಕ್ಕೆ ಎರಡನೆಯವರು ಹೊಣೆ ಹೊರುವುದಿಲ್ಲ. ನ್ಯೂಯಾರ್ಕ್, ಶಿಕಾಗೊ ಹೀಗೆ ಅಮೆರಿಕದೊಳಗೇ ಬದಲಿಸುವ ದಾರಿ ಬೇಡ. ಆ ದೇಶದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ.

ನೇರ ವಿಮಾನ ಸಿಕ್ಕರೆ, ದುಡ್ಡು ಸ್ವಲ್ಪ ಹೆಚ್ಚಾದರೂ, ನಿಮ್ಮಿಬ್ಬರಿಗೆ ಅದೇ ಸರಿ. ಅದು ಯಾವ ದಿನ ಇರುತ್ತದೆ, ಯಾವ ಋತುವಿನಲ್ಲಿ ಇರುವುದಿಲ್ಲ ಎಂಬುದು ಬದಲಾಗುತ್ತಿರುತ್ತದೆ, ಮಗಳು ಹುಡುಕಲಿ. ಸಿಗದಿದ್ದರೆ ಒಂದೇ ಕಡೆ ಬದಲಿಸುವ, ಬಿಡುವು ಸಾಕಷ್ಟು ಇರುವ ಟೋಕಿಯೊ ಅಥವಾ ದುಬೈ ದಾರಿ. ದಾರಿ ಯಾವುದಾದರೂ ಬದಲಿಸುವ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಟಿಕೆಟ್ ಕೊಡುವವರನ್ನು ಮೊದಲೇ ಕೇಳಿ.

ಮನೆ ಬಾಗಿಲಿನಿಂದ ಮಗಳ ಮನೆ ಬಾಗಿಲಿಗೆ ಎಷ್ಟು ಎಂದರೆ: ವಿಜಯಪುರ, ದೇವನಹಳ್ಳಿ ಮೇಲೆ ನಿಲ್ದಾಣಕ್ಕೆ ಒಂದು ಗಂಟೆ, ವಿದೇಶದ ವಿಮಾನ ಹೊರಡುವುದು ಟರ್ಮಿನಲ್ 2ರಿಂದ, ಅಲ್ಲಿ ಮೂರೂವರೆ ಗಂಟೆ ಮುಂಚೆ ಇರಿ. ನೇರ ವಿಮಾನಕ್ಕೆ ಹದಿನಾರು, ಇಳಿದ ಮೇಲೆ ತಪಾಸಣೆ ಮತ್ತು ಪೆಟ್ಟಿಗೆಗೆ ಎರಡು, ಕಾರಿಗೆ ಒಂದು. ಸರಿಸುಮಾರು ಒಂದು ಹಗಲು, ಒಂದು ರಾತ್ರಿ. ಒಂದು ಕಡೆ ಬದಲಿಸಿದರೆ ಇಪ್ಪತ್ತೆಂಟರಿಂದ ಮೂವತ್ತು ಗಂಟೆ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮನೆಯಾಕೆಯ ವಿಷಯ. ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಯಾವ ಗಡಿಯಾರಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ನಾನು ಹೇಳಬಾರದು, ವೈದ್ಯರೇ ಹೇಳಬೇಕು. ಶಿಡ್ಲಘಟ್ಟದ ಸಮಯ ಬರೆದ ಆ ಟಿಕೆಟ್ಟನ್ನು ಅವರ ಮುಂದಿಟ್ಟು, ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು ಚೀಟಿ ಬರೆಸಿಕೊಳ್ಳಿ. ಔಷಧಿ, ವೈದ್ಯರ ಚೀಟಿ, ಎರಡು ದಿನದ ಹೆಚ್ಚುವರಿ ಮಾತ್ರೆ ಎಲ್ಲವೂ ಕೈಚೀಲದಲ್ಲಿರಲಿ, ಒಪ್ಪಿಸುವ ಪೆಟ್ಟಿಗೆಯಲ್ಲಿ ಬೇಡ. ಸಕ್ಕರೆ ಕಾಯಿಲೆಯವರ ಊಟ ಬೇಕೆಂದು ಎರಡು ದಿನ ಮುಂಚೆ ತಿಳಿಸಿದರೆ ಹೆಚ್ಚಿನ ಕಂಪನಿಗಳು ಕೊಡುತ್ತವೆ. ವಿಮಾನದೊಳಗಿನ ಗಾಳಿ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಸಿಗುವ ಗಾಳಿಯಷ್ಟು ತೆಳು, ನಂದಿಬೆಟ್ಟದ 1,478 ಮೀಟರಿಗಿಂತ ಮೇಲೆ. ತುಂಬಾ ಒಣಗಾಳಿ ಕೂಡ. ನೀರು ಕುಡಿಯುತ್ತಿರಿ, ಎಚ್ಚರ ಇರುವಾಗ ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡಬೇಡಿ.

ಅಲ್ಲಿ ಹಗಲು ಇಲ್ಲಿ ರಾತ್ರಿ ಆಗುವುದರಿಂದ ಮೊದಲ ವಾರ ನಡುರಾತ್ರಿ ಎಚ್ಚರವಾಗಿ ಹಸಿವಾಗುತ್ತದೆ. ಮೈ ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. ಹೆರಿಗೆಯ ದಿನಕ್ಕೆ ಸರಿಯಾಗಿ ತಲುಪುವ ಬದಲು ಹತ್ತು ಹನ್ನೆರಡು ದಿನ ಮುಂಚೆ ಹೋದರೆ, ಮಗು ಬರುವ ಹೊತ್ತಿಗೆ ನಿಮ್ಮ ನಿದ್ದೆ ಸರಿಹೋಗಿರುತ್ತದೆ. ಗಾಲಿಕುರ್ಚಿ ಬೇಕೆಂದು ಟಿಕೆಟ್ ತೆಗೆಯುವಾಗಲೇ ಬರೆಸಿ. ನಡೆಯಲು ಆಗುತ್ತದೆ ಎಂದು ಸಂಕೋಚ ಬೇಡ. ನೂಕುವವರು ನಿಮ್ಮನ್ನು ಸರಿಯಾದ ಬಾಗಿಲಿಗೇ ಮುಟ್ಟಿಸುತ್ತಾರೆ, ನನ್ನ ಅಕ್ಕ, ಭಾವನಿಗೆ ಆ ದಿನ ಬೇಕಾಗಿದ್ದುದೂ ಅದೇ.